ಕೀಮೋ ನಡೆಯುವಾಗ ಮನೆಯಲ್ಲಿ ನೋವಿನ ಹತೋಟಿ: ಥರ್ಮಾಮೀಟರ್ ಮೊದಲು, ಮಾತ್ರೆ ಆಮೇಲೆ

ಕೀಮೋ (ಕ್ಯಾನ್ಸರ್‌ಗೆ ಕೊಡುವ ಔಷಧಿ ಚಿಕಿತ್ಸೆ) ಮುಗಿಸಿ ಮನೆಗೆ ಬಂದವರ ನೋವು ಹತೋಟಿಗೆ ಬರುತ್ತಿಲ್ಲ ಎಂದರೆ ಬಹಳ ಸಲ ಔಷಧಿ ಸಾಲದೆ ಹಾಗಾಗಿರುವುದಿಲ್ಲ, ಕೆಲಸಗಳು ಹಿಂದುಮುಂದಾಗಿರುತ್ತವೆ. ಜ್ವರ ಇದೆಯೋ ಇಲ್ಲವೋ ನೋಡುವ ಮೊದಲೇ ಡೋಲೋ (ಪ್ಯಾರಾಸಿಟಮಾಲ್ ಮಾತ್ರೆ) ನುಂಗಿ ಆಗಿರುತ್ತದೆ. ನೋವು ತಡೆಯಲಾಗದ ಮಟ್ಟಕ್ಕೆ ಏರಿದ ಮೇಲೆ ಸ್ಟ್ರಿಪ್ ಹುಡುಕಾಟ ಶುರು. ಮಾರ್ಫಿನ್ ಆರಂಭಿಸಿ ಐದನೇ ದಿನ ಹೊಟ್ಟೆ ಕಲ್ಲಾದಾಗ ಮಲ ಸಡಿಲಿಸುವ ಔಷಧಿ ನೆನಪಾಗುತ್ತದೆ. ಈ ಮೂರು ತಪ್ಪುಗಳು ಮನೆ ಮನೆಯಲ್ಲೂ ಮರುಕಳಿಸುವುದರಿಂದ ಈ ಬರಹದಲ್ಲಿ ಒತ್ತು ಇರುವುದು ಕ್ರಮಕ್ಕೆ.

ಇಲ್ಲಿನ ಪ್ರಮಾಣಗಳೆಲ್ಲ ವಯಸ್ಕರಿಗೆ. ಮಕ್ಕಳ ಲೆಕ್ಕ ತೂಕದ ಮೇಲೆ ನಿಂತಿರುವುದರಿಂದ ಅದು ಪೂರ್ತಿ ಬೇರೆ. ನಿಮ್ಮ ಡಾಕ್ಟರ ಚೀಟಿಯಲ್ಲಿ ಬೇರೆ ಬರೆದಿದ್ದರೆ ಚೀಟಿಯೇ ಅಂತಿಮ.

## ಮೊದಲ ಡ್ರಿಪ್‌ಗೂ ಮುನ್ನ ಮನೆಗೆ ತರಬೇಕಾದದ್ದು

ಡಿಜಿಟಲ್ ಥರ್ಮಾಮೀಟರ್ ಎರಡು ಇರಲಿ. ಒಂದರ ಬ್ಯಾಟರಿ ಕೈಕೊಡುವುದು ಸಾಮಾನ್ಯವಾಗಿ ರಾತ್ರಿ ಹೊತ್ತಿನಲ್ಲೇ. ಉದ್ದ ನೋಟ್‌ಬುಕ್ ಒಂದು, ಮಕ್ಕಳ ಮೃದು ಹಲ್ಲುಜ್ಜುವ ಬ್ರಷ್, ಅಡುಗೆ ಸೋಡ, ಓಆರ್‌ಎಸ್ ಪೊಟ್ಟಣಗಳು, ವಾರದ ಮಾತ್ರೆ ಡಬ್ಬಿ, ಮತ್ತು ಮಲ ಸಡಿಲಿಸುವ ಔಷಧಿ, ಅದೂ ಡಾಕ್ಟರ ಚೀಟಿಯ ಮೇಲೆ, ಮುಂಚಿತವಾಗಿ.

ಇನ್ನೊಂದು ಹಾಳೆ ಫ್ರಿಜ್ ಬಾಗಿಲ ಮೇಲಿರಲಿ: ಕೀಮೋ ಔಷಧಿಗಳ ಹೆಸರು, ಕೊನೆಯ ಸೈಕಲ್‌ನ (ಕೀಮೋ ಸರದಿಯ) ತಾರೀಖು, ಆಸ್ಪತ್ರೆಯಲ್ಲಿ ಕೀಮೋ ಡ್ರಿಪ್ ಹಾಕುವ ಡೇ ಕೇರ್‌ನ ನಂಬರು, ರಾತ್ರಿ ಹೊತ್ತಿನ ನಂಬರು. ಅಪರಾತ್ರಿ ಹತ್ತಿರದ ಯಾವುದೋ ನರ್ಸಿಂಗ್ ಹೋಮ್‌ಗೆ ಓಡುವ ಪ್ರಸಂಗ ಬಂದರೆ ಅಲ್ಲಿನ ಡ್ಯೂಟಿ ಡಾಕ್ಟರು ಮೊದಲು ಕೇಳುವುದು ಈ ಹಾಳೆಯಲ್ಲಿ ಇರುವುದನ್ನೇ.

## ಹಂತ 1: ನೋವನ್ನು ಅಂಕಿಯಲ್ಲಿ ಬರೆದಿಡುವುದು

ನೋಟ್‌ಬುಕ್‌ನಲ್ಲಿ ಆರು ಕಾಲಂ ಎಳೆಯಿರಿ: ಹೊತ್ತು, ನೋವಿರುವ ಜಾಗ, 0ಯಿಂದ 10ರೊಳಗೆ ಅಂಕ, ಯಾವ ಥರದ ನೋವು, ಕೊಟ್ಟ ಔಷಧಿ, ಒಂದು ಗಂಟೆ ಕಳೆದ ಮೇಲಿನ ಅಂಕ. ಕೊನೆಯ ಕಾಲಂ ಖಾಲಿ ಬಿಟ್ಟರೆ ಉಳಿದ ಐದನ್ನು ಬರೆದೂ ಉಪಯೋಗವಿಲ್ಲ. ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ಡಾಕ್ಟರಿಗೆ ಗೊತ್ತಾಗುವುದು ಅದರಿಂದ.

ಹಿರಿಯರಿಗೆ ಹತ್ತಕ್ಕೆ ಎಷ್ಟು ಎಂಬ ಲೆಕ್ಕ ಒಗ್ಗುವುದಿಲ್ಲ. ರೂಪಾಯಿ ಲೆಕ್ಕದಲ್ಲಿ ಕೇಳಿ. ನಾಲ್ಕಾಣೆ ನೋವೋ, ಎಂಟಾಣೆಯೋ, ಹನ್ನೆರಡಾಣೆಯೋ, ಪೂರ್ತಿ ರೂಪಾಯಿಯೋ? ತಕ್ಷಣ ಉತ್ತರ ಬರುತ್ತದೆ. ಎಂಟಾಣೆ ದಾಟಿದರೆ ಈಗಿನ ಔಷಧಿ ಸಾಲುತ್ತಿಲ್ಲ ಎಂದು ಅರ್ಥ.

ನೋವನ್ನು ಮುಚ್ಚಿಡುವವರೂ ಬಹಳ. ಹೇಳಿದರೆ ಕೀಮೋ ನಿಲ್ಲಿಸುತ್ತಾರೆ ಎಂಬ ಭಯ, ಮಗನಿಗೆ ಇನ್ನಷ್ಟು ಖರ್ಚು ಎಂಬ ಸಂಕೋಚ. "ನೋವಿದೆಯಾ ಅಮ್ಮ?" ಎಂದರೆ "ಇಲ್ಲ ಬಿಡು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬದಲಿಗೆ ರಾತ್ರಿ ಎಷ್ಟು ಸಲ ಎದ್ದಿರಿ, ಯಾವ ಮಗ್ಗುಲಿಗೆ ಮಲಗಲು ಆಗುತ್ತಿಲ್ಲ, ತಟ್ಟೆಯಲ್ಲಿ ಊಟ ಯಾಕೆ ಉಳಿಯಿತು ಎಂದು ಕೇಳಿ. ಮಗ್ಗುಲು ಬದಲಿಸುವಾಗ ಹುಬ್ಬು ಗಂಟಿಕ್ಕುವುದು ಮಾತಿಗಿಂತ ನಂಬಲರ್ಹ.

## ಹಂತ 2: ಇದು ಯಾವ ನೋವು ಎಂದು ಬೇರ್ಪಡಿಸುವುದು

ಎಲ್ಲ ನೋವಿಗೂ ಒಂದೇ ಮಾತ್ರೆ ನಡೆಯುವುದಿಲ್ಲ. ಬೇರ್ಪಡಿಸಲು ಸುಲಭದ ದಾರಿ ಕ್ಯಾಲೆಂಡರ್. ಡ್ರಿಪ್ ಹಾಕಿದ ದಿನವನ್ನು 1 ಎಂದು ಗುರುತು ಮಾಡಿ, ಅಲ್ಲಿಂದ ದಿನ ಎಣಿಸಿ.

ಡ್ರಿಪ್ ಹೋಗುತ್ತಿರುವಾಗಲೇ ಸೂಜಿಯ ಜಾಗದಲ್ಲಿ ಉರಿ, ಊತ, ಬಿಗಿತ ಬಂದರೆ ಆ ಕ್ಷಣವೇ ನರ್ಸ್‌ಗೆ ಹೇಳಬೇಕು. ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್‌ನಂಥ ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಸುಟ್ಟುಹೋಗುತ್ತದೆ. "ಇನ್ನು ಹತ್ತು ನಿಮಿಷ ತಾನೇ" ಎಂದು ಸಹಿಸಿಕೊಳ್ಳುವ ನೋವಲ್ಲ ಇದು. ಐಸ್ ಇಡಬೇಕೋ ಬಿಸಿ ಇಡಬೇಕೋ ಎಂಬುದೂ ಔಷಧಿಯ ಮೇಲೆ ಹೋಗುತ್ತದೆ, ಆದ್ದರಿಂದ ನೀವಾಗಿ ಏನನ್ನೂ ಇಡಬೇಡಿ.

2ರಿಂದ 4ನೇ ದಿನದೊಳಗೆ ಮೈಯೆಲ್ಲ ಕುಟ್ಟಿದ ಹಾಗೆ, ಮಂಡಿ, ತೊಡೆ, ಸೊಂಟದಲ್ಲಿ ನೋವು ಬಂದರೆ ಅದು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಪಡೆದವರಲ್ಲಿ ಮಾಮೂಲು. ಸುಮಾರು ಒಂದು ವಾರದಲ್ಲಿ ಇಳಿಯುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನಿಂತ ಮರುದಿನಗಳಲ್ಲೂ ಇಂಥದೇ ಮೈಕೈ ನೋವು, ಸುಸ್ತು ಬರುವುದುಂಟು.

ಬಿಳಿ ರಕ್ತಕಣ ಏರಿಸಲು ಫಿಲ್‌ಗ್ರಾಸ್ಟಿಮ್ ಅಥವಾ ಪೆಗ್‌ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು ತೆಗೆದುಕೊಂಡ ಮೇಲೆ ಸೊಂಟ, ಬೆನ್ನು, ಎದೆಮೂಳೆಯಲ್ಲಿ ಆಳವಾಗಿ ಕುಕ್ಕುವ ನೋವು ಬೇರೆಯದು. ಮೂಳೆಯೊಳಗಿನ ಮಜ್ಜೆ ಜೋರಾಗಿ ಕೆಲಸ ಮಾಡುತ್ತಿರುವುದರಿಂದ ಬರುವ ನೋವು ಅದು. ಪ್ಯಾರಾಸಿಟಮಾಲ್ ಸಾಲದಿದ್ದರೆ ಅಲರ್ಜಿಗೆ ಕೊಡುವ ಲೊರಾಟಡಿನ್ ಕೆಲವರಿಗೆ ಉಪಶಮನ ಕೊಡುತ್ತದೆ. ಮುಂದಿನ ಚುಚ್ಚುಮದ್ದಿಗೆ ಮೊದಲೇ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಿ.

5ನೇ ದಿನದ ಆಸುಪಾಸು ಶುರುವಾಗಿ ಎರಡು ವಾರದೊಳಗೆ ಮಾಯುವುದು ಬಾಯಿಹುಣ್ಣು. ಸೈಕಲ್ ಕಳೆದಂತೆಲ್ಲ ಹೆಚ್ಚುತ್ತಾ ಹೋಗುವ ಜೋಮು, ಉರಿ, ಕರೆಂಟ್ ಹೊಡೆದ ಹಾಗಿನ ಸೆಳೆತ ನರದ ನೋವು. ಕೀಮೋಗೂ ಮೊದಲೇ ಇದ್ದು, ಅದೇ ಜಾಗದಲ್ಲಿ ರಾತ್ರಿ ಹೆಚ್ಚಾಗುವುದು ಗಡ್ಡೆಯದೇ ನೋವು ಇರಬಹುದು.

ಬೆನ್ನುನೋವಿನ ಬಗ್ಗೆ ಒಂದು ಎಚ್ಚರಿಕೆ. ಮಲಗಿದರೆ, ಕೆಮ್ಮಿದರೆ ಹೆಚ್ಚಾಗುವ ಹೊಸ ಬೆನ್ನುನೋವು, ಜೊತೆಗೆ ಕಾಲಿನಲ್ಲಿ ಬಲ ಕಡಿಮೆ, ಸೊಂಟದ ಕೆಳಗೆ ಮರಗಟ್ಟಿದ ಹಾಗೆ, ಮೂತ್ರ ಕಟ್ಟುವುದು ಅಥವಾ ತಾನಾಗಿ ಹೋಗುವುದು ಕಂಡರೆ ಬೆನ್ನುಹುರಿ ಒತ್ತಿಹೋಗುತ್ತಿರುವ ಸಾಧ್ಯತೆ ಇದೆ. ಅದೇ ದಿನ ಆಸ್ಪತ್ರೆ ತಲುಪಬೇಕು. ಕಾಲು ಪೂರ್ತಿ ಸೋತ ಮೇಲೆ ಹೋದರೆ ಮತ್ತೆ ನಡೆಯುವ ಅವಕಾಶ ಬಹಳ ಕಡಿಮೆ.

## ಹಂತ 3: ಮಾತ್ರೆಗೂ ಮುನ್ನ ಜ್ವರ ನೋಡುವುದು

ಬಹುಪಾಲು ಕೀಮೋಗಳಲ್ಲಿ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ ಸೋಂಕು ತಗುಲಿದರೆ ಕೀವು ಕಟ್ಟುವುದಿಲ್ಲ, ಊತವೂ ಹೆಚ್ಚು ಕಾಣುವುದಿಲ್ಲ. ಕೆಲವೊಮ್ಮೆ ಸಿಗುವ ಸುಳಿವು ಜ್ವರ ಒಂದೇ. ಪ್ಯಾರಾಸಿಟಮಾಲ್ ಆ ಸುಳಿವನ್ನೇ ಅಳಿಸಿಹಾಕುತ್ತದೆ. ಮೈಕೈ ನೋವೆಂದು ಆರು ಗಂಟೆಗೊಮ್ಮೆ ಡೋಲೋ ಕೊಡುತ್ತಾ ಹೋದರೆ ಥರ್ಮಾಮೀಟರ್ 98 ತೋರಿಸುತ್ತಿರುತ್ತದೆ, ಒಳಗೆ ಸೋಂಕು ರಕ್ತಕ್ಕೆ ಇಳಿದಿರುತ್ತದೆ.

ಆದ್ದರಿಂದ ನಿಯಮ ಸರಳ: ಪ್ರತಿ ಡೋಸ್‌ಗೂ ಮೊದಲು ಜ್ವರ ನೋಡಿ, ಬರೆದು, ಆಮೇಲೆ ಮಾತ್ರೆ. ಹಿಂದಿನ ಡೋಸ್‌ನ ಪರಿಣಾಮ ಆಗ ಇಳಿದಿರುವುದರಿಂದ ನಿಜವಾದ ಅಂಕಿ ಸಿಗುವ ಹೊತ್ತೂ ಅದೇ.

ಬಾಯಲ್ಲಿ ನೋಡುವುದಾದರೆ ಕಾಫಿ, ಬಿಸಿನೀರು ಕುಡಿದು 15 ನಿಮಿಷವಾದರೂ ಆಗಿರಲಿ. ಬಾಯಿಹುಣ್ಣಿದ್ದರೆ ಕಂಕುಳಲ್ಲಿ ಇಡಿ. ಆದರೆ ಅಲ್ಲಿ ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ ಎಂಬುದು ಗಮನದಲ್ಲಿರಲಿ. ಗುದದ್ವಾರದಲ್ಲಿ ಖಂಡಿತ ಬೇಡ. ಕೌಂಟ್ (ರಕ್ತಕಣಗಳ ಎಣಿಕೆ) ಕಡಿಮೆ ಇರುವಾಗ ಅಲ್ಲಿ ಚಿಕ್ಕ ಗೀರಾದರೂ ಸೋಂಕು ಒಳಹೊಗುತ್ತದೆ.

100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ, ಕಷಾಯ ಕುಡಿಸಿ ನೋಡೋಣ ಎನ್ನಬೇಡಿ. ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಡ್ರಿಪ್ ಶುರುವಾಗಬೇಕು ಎಂಬುದು ವೈದ್ಯರು ಪಾಲಿಸುವ ಗುರಿ. ಕ್ಯಾಶುವಾಲಿಟಿ ಕೌಂಟರ್‌ನಲ್ಲಿ ಮೊದಲ ಮಾತೇ "ಕೀಮೋ ಆಗಿ ಇಂತಿಷ್ಟು ದಿನ, ಜ್ವರ ಇಷ್ಟು" ಎಂದಿರಲಿ. ಬರೀ "ಜ್ವರ" ಎಂದರೆ ಸಾಲಿನಲ್ಲಿ ಕೂರಿಸುತ್ತಾರೆ.

ಜ್ವರವಿಲ್ಲದೆ ಮೈ ನಡುಕ, ಚಳಿ, ಇದ್ದಕ್ಕಿದ್ದ ಹಾಗೆ ಗೊಂದಲದ ಮಾತು ಬಂದರೂ ಇದೇ ಕ್ರಮ. ವಯಸ್ಸಾದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಜ್ವರ ಏರದೆಯೇ ಸೋಂಕು ಬಲಿಯಬಹುದು.

## ಹಂತ 4: ಮಾತ್ರೆ ಗಡಿಯಾರದ ಪ್ರಕಾರ

ಚೀಟಿಯಲ್ಲಿನ 1-1-1 ಎಂಬುದನ್ನು ನಮ್ಮ ಮನೆಗಳಲ್ಲಿ ತಿಂಡಿ, ಊಟ, ರಾತ್ರಿ ಊಟ ಎಂದು ಓದುತ್ತಾರೆ. ಬೆಳಿಗ್ಗೆ 9, ಮಧ್ಯಾಹ್ನ 1, ರಾತ್ರಿ 9. ಆರು ಗಂಟೆ ಕೆಲಸ ಮಾಡುವ ಮಾತ್ರೆ ಬೆಳಗಿನ ಜಾವ 3ಕ್ಕೆ ಮುಗಿದಿರುತ್ತದೆ, ಮುಂದಿನದು 9ಕ್ಕೆ. ಬೆಳಗಿನ ಜಾವದ ನೋವಿಗೆ ಎಷ್ಟೋ ಸಲ ಇದಿಷ್ಟೇ ಕಾರಣ. ಎಷ್ಟು ಗಂಟೆಗೊಮ್ಮೆ ಎಂದು ಡಾಕ್ಟರನ್ನು ಕೇಳಿ, ಹೊತ್ತನ್ನು ಚೀಟಿಯ ಮೇಲೇ ಬರೆಸಿಕೊಂಡು ಮೊಬೈಲ್‌ನಲ್ಲಿ ಅಲಾರಂ ಇಡಿ.

ನೋವು ಬಂದ ಮೇಲೆ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಬಾರದ ಹಾಗೆ ಹಿಡಿದಿಡಲು ಕಡಿಮೆ ಔಷಧಿ ಸಾಕು. "ಈಗ ನೋವಿಲ್ಲವಲ್ಲ, ಮಾತ್ರೆ ಯಾಕೆ" ಎಂದು ಬಿಟ್ಟ ಡೋಸ್ ರಾತ್ರಿ ಎರಡರಷ್ಟು ಕೇಳುತ್ತದೆ.

ಪ್ಯಾರಾಸಿಟಮಾಲ್. 500 ಅಥವಾ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಎಲ್ಲ ಸೇರಿ ದಿನಕ್ಕೆ 4 ಗ್ರಾಂ ಮೀರಬಾರದು. ತೂಕ ಇಳಿದವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕೆಳಗೆ. ಎಡವುವುದು ಎಲ್ಲೆಂದರೆ ಟ್ರಮಡಾಲ್ ಜೊತೆ ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಒಂದು ಕಡೆ, ನೆಗಡಿ ಮಾತ್ರೆಯಲ್ಲಿ ಇನ್ನಷ್ಟು, ಮೇಲೆ ಡೋಲೋ. ಸ್ಟ್ರಿಪ್‌ನ ಹಿಂಬದಿ ಓದಿ ಕೂಡಿಸಿ.

ಡೈಕ್ಲೊಫೆನಾಕ್, ಐಬುಪ್ರೊಫೆನ್. ಹಲ್ಲುನೋವಿಗೆ, ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಅಭ್ಯಾಸ ಕೀಮೋ ಮುಗಿಯುವವರೆಗೆ ಬಿಡಬೇಕು. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಇವು ರಕ್ತಸ್ರಾವಕ್ಕೆ ದಾರಿ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆಯುವವರಲ್ಲಿ ಕಿಡ್ನಿಗೆ ಎರಡು ಕಡೆಯಿಂದ ಏಟು. ಮೆಥೊಟ್ರೆಕ್ಸೇಟ್ ಜೊತೆಗೆ ಹೋದರೆ ಆ ಔಷಧಿ ಮೈಯಿಂದ ಹೊರಹೋಗದೆ ವಿಷವಾಗುತ್ತದೆ. ಡಾಕ್ಟರು ತಿಳಿದೇ ಬರೆದಿದ್ದರೆ ಮಾತು ಬೇರೆ.

ಟ್ರಮಡಾಲ್. 50 ಮಿಲಿಗ್ರಾಂ ಮಾತ್ರೆ, ದಿನದ ಮಿತಿ 400. ಮೊದಲ ದಿನಗಳಲ್ಲಿ ವಾಕರಿಕೆ, ತಲೆಸುತ್ತು ಇರುತ್ತದೆ. ಹಿಂದೆ ಫಿಟ್ಸ್ ಬಂದವರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲೇ ಹೇಳಬೇಕು.

ಮಾರ್ಫಿನ್. ಮನೆಯವರು ಹೆಚ್ಚು ಹೆದರುವುದು ಇದಕ್ಕೇ. ಮಾರ್ಫಿನ್ ಬರೆದರೆ ಕೊನೆಗಾಲ ಬಂತು ಎಂದುಕೊಳ್ಳುತ್ತಾರೆ, ಚಟ ಹತ್ತುತ್ತದೆ ಎಂದುಕೊಳ್ಳುತ್ತಾರೆ. ನೋವಿನ ಅಂಕ ನೋಡಿ ಬರೆಯುವ ಔಷಧಿ ಇದು, ಕಾಯಿಲೆಯ ಹಂತ ನೋಡಿ ಅಲ್ಲ. ಕೀಮೋ ಮುಗಿದು ನೋವು ಇಳಿದ ಮೇಲೆ ಹಂತಹಂತವಾಗಿ ನಿಲ್ಲಿಸಿದವರು ಬೇಕಾದಷ್ಟು ಮಂದಿ.

ತಕ್ಷಣ ಕರಗುವ ಮಾತ್ರೆಯ ಪರಿಣಾಮ ಇರುವುದು ನಾಲ್ಕು ಗಂಟೆ. ಉದಾಹರಣೆಗೆ 10 ಮಿಲಿಗ್ರಾಂ ಬರೆದಿದ್ದರೆ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6 ಎಂದು ಕೊಟ್ಟು, ಡಾಕ್ಟರು ಒಪ್ಪಿದ್ದರೆ ರಾತ್ರಿ 10ಕ್ಕೆ ಎರಡು ಮಾತ್ರೆ ಕೊಡುವುದು ವಾಡಿಕೆ. ಹಾಗಾದರೆ ನಡುರಾತ್ರಿ 2ಕ್ಕೆ ಎಬ್ಬಿಸಬೇಕಿಲ್ಲ. ಅಲ್ಲಿಗೆ ದಿನಕ್ಕೆ 60 ಮಿಲಿಗ್ರಾಂ. ನಡುವೆ ನೋವು ಮೇಲೆದ್ದರೆ ಕೊಡುವ ಹೆಚ್ಚುವರಿ ಡೋಸ್ ಸಾಮಾನ್ಯವಾಗಿ ದಿನದ ಒಟ್ಟಿನ ಆರನೇ ಒಂದು ಭಾಗ, ಇಲ್ಲಿ 10. ಹೆಚ್ಚುವರಿ ಕೊಟ್ಟೆವೆಂದು ಮುಂದಿನ ನಿಗದಿತ ಡೋಸ್ ತಪ್ಪಿಸಬಾರದು. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಹೆಚ್ಚುವರಿ ಬೇಕಾಗುತ್ತಿದ್ದರೆ ಮೂಲ ಡೋಸ್ ಏರಿಸಲು ಫೋನ್ ಮಾಡಿ. ವಯಸ್ಸಾದವರಿಗೆ, ಮೊದಲ ಸಲದವರಿಗೆ ಅರ್ಧ ಮಾತ್ರೆ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡುವುದುಂಟು. ದಿನವಿಡೀ ಕೆಲಸ ಮಾಡುವ ನಿಧಾನದ ಮಾತ್ರೆಯನ್ನು ಮಾತ್ರ ಕುಟ್ಟಿ ಪುಡಿ ಮಾಡಲೇಬಾರದು. ಇಡೀ ದಿನದ ಔಷಧಿ ಒಮ್ಮೆಗೇ ಒಳಗೆ ಹೋಗುತ್ತದೆ.

ಮೊದಲ ಮೂರರಿಂದ ಐದು ದಿನ ಮಂಪರು, ಮೊದಲ ವಾರ ವಾಕರಿಕೆ ಸಹಜ. ಎಬ್ಬಿಸಿದರೂ ಕಣ್ಣು ತೆರೆಯದಷ್ಟು ನಿದ್ದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ನಿಮಿಷಕ್ಕೆ 10ಕ್ಕಿಂತ ಕಡಿಮೆ ಉಸಿರು ಸಹಜವಲ್ಲ. ಮುಂದಿನ ಡೋಸ್ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಕೈಕಾಲು ಇದ್ದಕ್ಕಿದ್ದಂತೆ ಎಗರುವುದು, ಇಲ್ಲದ್ದು ಕಾಣುವುದು ಡೋಸ್ ಹೆಚ್ಚಾದ ಗುರುತು. ಮೂತ್ರ ಕಡಿಮೆಯಾಗಿದ್ದರೆ ಇನ್ನೂ ಬೇಗ ಹೀಗಾಗುತ್ತದೆ, ಯಾಕೆಂದರೆ ಮಾರ್ಫಿನ್‌ನ ಉಳಿಕೆಗಳನ್ನು ಹೊರಹಾಕುವುದು ಕಿಡ್ನಿ.

ಮೂಲೆಯ ಮೆಡಿಕಲ್ ಶಾಪ್‌ನಲ್ಲಿ ಮಾರ್ಫಿನ್ ಸಿಗುವುದಿಲ್ಲ. ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಮಾತ್ರ ಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವು ಮತ್ತು ಉಪಶಮನ ಆರೈಕೆಗೆಂದೇ ವಿಭಾಗವಿದೆ. ಕಾಯಿಲೆ ಬಲಿತವರಿಗೆ ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ಆರೈಕೆ ಮಾಡುತ್ತದೆ. ದೂರದ ಊರಿನವರು ಐದು ದಿನಕ್ಕಾಗುವಷ್ಟು ಮಾತ್ರೆ ಉಳಿದಿರುವಾಗಲೇ ಮುಂದಿನ ಚೀಟಿಗೆ ಹೊರಡಬೇಕು. ಒಮ್ಮೆಗೇ ನಿಂತರೆ ನೋವಿನ ಜೊತೆ ಬೆವರು, ನಡುಕ, ಭೇದಿಯೂ ಬರುತ್ತದೆ. ಮಾತ್ರೆಗಳು ಬೀಗದ ಕಪಾಟಿನಲ್ಲಿರಲಿ, ಉಳಿದದ್ದನ್ನು ಕೊಟ್ಟಲ್ಲಿಗೇ ಮರಳಿಸಿ.

ಫೆಂಟನಿಲ್ ಪ್ಯಾಚ್. ಚರ್ಮಕ್ಕೆ ಅಂಟಿಸುವ ನೋವಿನ ಪಟ್ಟಿ ಇದು. ಮೊದಲ ಪ್ಯಾಚ್ ಪೂರ್ತಿ ಹಿಡಿತಕ್ಕೆ ಬರಲು 12ರಿಂದ 24 ಗಂಟೆ ಬೇಕು, ಅಲ್ಲಿಯವರೆಗೆ ಮಾತ್ರೆ ಮುಂದುವರಿಯುತ್ತದೆ. ಬದಲಿಸುವುದು 72 ಗಂಟೆಗೊಮ್ಮೆ. ಅದರ ಮೇಲೆ ಬಿಸಿನೀರ ಚೀಲ ಇಡಬಾರದು. ಬಿಸಿಗೆ, ಜೋರು ಜ್ವರಕ್ಕೆ ಔಷಧಿ ಹೆಚ್ಚು ಒಳಹೋಗುತ್ತದೆ. ತೆಗೆದ ಪ್ಯಾಚ್‌ನಲ್ಲೂ ಔಷಧಿ ಉಳಿದಿರುತ್ತದೆ, ಅಂಟಿನ ಭಾಗ ಒಳಗೆ ಬರುವಂತೆ ಮಡಚಿ ಮಕ್ಕಳ ಕೈಗೆ ಸಿಗದ ಹಾಗೆ ವಿಲೇವಾರಿ ಮಾಡಿ.

## ಹಂತ 5: ಹೊಟ್ಟೆ ಕಟ್ಟುವ ಮೊದಲೇ

ಮಾರ್ಫಿನ್‌ನ ಉಳಿದ ತೊಂದರೆಗಳಿಗೆ ಮೈ ಒಗ್ಗಿಕೊಳ್ಳುತ್ತದೆ, ಮಲಬದ್ಧತೆಗೆ ಒಗ್ಗುವುದಿಲ್ಲ. ಜೊತೆಗೆ ವಾಂತಿಗೆ ಕೊಡುವ ಒಂಡನ್‌ಸೆಟ್ರಾನ್ ಕೂಡ ಹೊಟ್ಟೆ ಕಟ್ಟುತ್ತದೆ, ವಿನ್‌ಕ್ರಿಸ್ಟಿನ್ ಕರುಳನ್ನೇ ಮಂದ ಮಾಡುತ್ತದೆ. ಆದ್ದರಿಂದ ಮಾರ್ಫಿನ್‌ನ ಮೊದಲ ಮಾತ್ರೆ ಕೊಟ್ಟ ರಾತ್ರಿಯೇ ಬಿಸಕೋಡಿಲ್ ಅಥವಾ ಸೆನ್ನಾ ಶುರುವಾಗಬೇಕು. ಡಾಕ್ಟರು ಬರೆಯಲು ಮರೆತಿದ್ದರೆ ಕೇಳಿ ಬರೆಸಿಕೊಳ್ಳಿ. ಬಿಸಕೋಡಿಲ್ ಮಾತ್ರೆಯನ್ನು ಹಾಲಿನ ಜೊತೆ ಕೊಟ್ಟರೆ ಹೊರಪದರ ಹೊಟ್ಟೆಯಲ್ಲೇ ಕರಗಿ ಹೊಟ್ಟೆ ನುಲಿಯುತ್ತದೆ, ನೀರಿನಲ್ಲೇ ಕೊಡಿ.

ಇಸಬ್‌ಗೋಲ್ ಇಲ್ಲಿ ಕೆಲಸಕ್ಕೆ ಬಾರದು, ಕೆಟ್ಟದ್ದೇ ಮಾಡಬಹುದು. ಅದು ನೀರು ಹೀರಿ ಉಬ್ಬುವ ವಸ್ತು. ಕರುಳು ಮುಂದೆ ತಳ್ಳದಿರುವಾಗ, ರೋಗಿ ಸಾಕಷ್ಟು ನೀರೂ ಕುಡಿಯದಿರುವಾಗ ಒಳಗೇ ಗಟ್ಟಿಯಾಗಿ ಕೂರುತ್ತದೆ. ನೆನೆಸಿದ ಒಣದ್ರಾಕ್ಷಿ, ಪಪ್ಪಾಯಿ ಜೊತೆಗಿರಲಿ, ಆದರೆ ಅವುಗಳನ್ನೇ ನಂಬಬೇಡಿ.

ಮೂರು ದಿನ ಮಲ ಹೋಗಿಲ್ಲವೆಂದರೆ ಫೋನ್ ಮಾಡಿ. ಮನೆಯಲ್ಲಿ ಎನಿಮಾ, ಗುದದ್ವಾರದ ಗುಳಿಗೆ ಪ್ರಯತ್ನಿಸಬೇಡಿ, ಕೌಂಟ್ ಎಷ್ಟಿದೆ ಎಂದು ನಿಮಗೆ ತಿಳಿದಿರುವುದಿಲ್ಲ. ಗಟ್ಟಿ ಮಲ ಸಿಕ್ಕಿಕೊಂಡಾಗ ಅದರ ಸುತ್ತ ನೀರುನೀರಾಗಿ ಸೋರುವುದನ್ನು ಭೇದಿ ಎಂದುಕೊಂಡು ಅದನ್ನು ನಿಲ್ಲಿಸುವ ಲೋಪರಮೈಡ್ ಕೊಟ್ಟವರು ಸಂಕಟ ಹೆಚ್ಚಿಸುತ್ತಾರೆ. ಹೊಟ್ಟೆ ಉಬ್ಬಿ, ಗ್ಯಾಸೂ ಹೋಗದೆ ವಾಂತಿಯಾಗುತ್ತಿದ್ದರೆ ಕರುಳು ಕಟ್ಟಿರಬಹುದು. ಆಗ ಮಲ ಸಡಿಲಿಸುವ ಔಷಧಿಯನ್ನೂ ನಿಲ್ಲಿಸಿ ಆಸ್ಪತ್ರೆಗೆ ನಡೆಯಿರಿ.

## ಹಂತ 6: ಬಾಯಿಯ ಆರೈಕೆ

ಹುಣ್ಣು ಬರುವ ಮುಂಚೆಯೇ, 1ನೇ ದಿನದಿಂದ ಶುರು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಚಹಾ ಚಮಚ ಉಪ್ಪು, 1 ಚಹಾ ಚಮಚ ಅಡುಗೆ ಸೋಡ. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆ ಸೋಡವಂತೂ ಅಲ್ಲವೇ ಅಲ್ಲ. ನಾಲ್ಕು ಗಂಟೆಗೊಮ್ಮೆ, ಪ್ರತಿ ಊಟದ ನಂತರ, ಮಲಗುವ ಮುನ್ನ ಬಾಯಿ ಮುಕ್ಕಳಿಸಿ ಉಗುಳಬೇಕು. ದಿನವೂ ಹೊಸದಾಗಿ ಬೆರೆಸಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಉರಿ ಹೆಚ್ಚಿಸುತ್ತದೆ. ಹಲ್ಲಿನ ಸೆಟ್ ಊಟದ ಹೊತ್ತಿಗೆ ಮಾತ್ರ.

ಹುಣ್ಣಾದ ಮೇಲೆ ಕ್ರಮ ಹೀಗೆ: ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ನೋವಿನ ಮಾತ್ರೆ, ಆಮೇಲೆ ಮುಕ್ಕಳಿಕೆ, ಆಮೇಲೆ ಊಟ. ಡಾಕ್ಟರು ಮರಗಟ್ಟಿಸುವ ಲಿಗ್ನೊಕೇನ್ ಜೆಲ್ ಕೊಟ್ಟಿದ್ದರೆ ಅದು ಗಂಟಲಿಗೆ ಇಳಿದಾಗ ನುಂಗುವ ಸ್ಪರ್ಶವೇ ಇರುವುದಿಲ್ಲ, ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಹುಣ್ಣಿನ ಮೇಲೆ ಮಾತ್ರ ಹಚ್ಚಿ, ಗಂಟಲ ಜೋಮು ಬಿಡುವವರೆಗೆ ಊಟ ಬೇಡ.

ಆರಿದ ರಾಗಿ ಗಂಜಿ, ಹಾಲಿನಲ್ಲಿ ನೆನೆಸಿದ ಇಡ್ಲಿ, ಮೆಣಸು ಹಾಕದ ಪೊಂಗಲ್, ಮೆತ್ತಗೆ ಬೇಯಿಸಿದ ಮೊಟ್ಟೆ ಇಳಿಯುತ್ತವೆ. ಕೌಂಟ್ ಕಡಿಮೆ ಇರುವ ದಿನಗಳಲ್ಲಿ ಮೊಸರು ಬೇಡ ಎನ್ನುವ ಆಸ್ಪತ್ರೆಗಳಿವೆ, ನಿಮ್ಮ ಆಸ್ಪತ್ರೆಯವರು ಹೇಳಿದ ಹಾಗೆ ಮಾಡಿ. ಹುಣಸೆ ಹುಳಿ, ಉಪ್ಪಿನಕಾಯಿ, ಚಕ್ಕುಲಿ, ನಿಪ್ಪಟ್ಟು ಬೇಡ. ಎಲೆ ಅಡಿಕೆ, ಹೊಗೆಸೊಪ್ಪು ಬಾಯಿಗೆ ಹೋಗಲೇಕೂಡದು.

ನಾಲಿಗೆಯ ಮೇಲೆ ಕೆನೆಗಟ್ಟಿದ ಹಾಗೆ ಬಿಳಿ ಪದರ ಕಂಡರೆ ಅದು ಶಿಲೀಂಧ್ರ ಸೋಂಕು, ಮುಕ್ಕಳಿಕೆಯಿಂದ ಹೋಗುವುದಿಲ್ಲ, ಔಷಧಿ ಬೇಕು. ಒಂದು ದಿನ ಪೂರ್ತಿ ನೀರೂ ಇಳಿಯದಿದ್ದರೆ ಡ್ರಿಪ್ ಬೇಕಾಗುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. 5-ಎಫ್‌ಯು ಎಂಬ ಕೀಮೋ ಔಷಧಿಯನ್ನು ಒಮ್ಮೆಗೇ ರಕ್ತನಾಳಕ್ಕೆ ಚುಚ್ಚಿ ಕೊಡುವಾಗ ಅರ್ಧ ಗಂಟೆ ಐಸ್ ಚೂರು ಚೀಪಿದರೆ ಬಾಯಿಹುಣ್ಣು ಕಡಿಮೆಯಾಗುತ್ತದೆ. ಈ ಮಾತು ಕೇಳಿಕೊಂಡು ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಕೂಡ ಪಡೆಯುತ್ತಿರುವವರು ಐಸ್ ಬಾಯಿಗೆ ಹಾಕಿಕೊಂಡರೆ ಗಂಟಲು ಬಿಗಿದು ಉಸಿರು ನಿಂತ ಅನುಭವವಾಗುತ್ತದೆ.

## ಹಂತ 7: ಕೈಕಾಲಿನ ಜೋಮು ಮತ್ತು ಉರಿ

ಆಕ್ಸಾಲಿಪ್ಲಾಟಿನ್ ಆದ ಮೇಲೆ ಐದಾರು ದಿನ ತಣ್ಣನೆಯದು ಯಾವುದೂ ಬೇಡ. ಫ್ರಿಜ್‌ಗೆ ಕೈ ಹಾಕಲು ಕೈಗವಸು, ಪಾತ್ರೆ ತೊಳೆಯಲು ಉಗುರುಬೆಚ್ಚನೆ ನೀರು, ಚಳಿಗಾಲದ ಬೆಳಿಗ್ಗೆ ಹೊರಹೋಗುವಾಗ ಮೂಗು ಬಾಯಿ ಮುಚ್ಚುವ ಶಾಲು. ತಣ್ಣೀರು ತಾಗಿ ಗಂಟಲು ಹಿಡಿದರೆ ಬೆಚ್ಚನೆ ನೀರು ಗುಟುಕರಿಸಿ ಕೂತರೆ ಬಿಡುತ್ತದೆ. ದದ್ದು, ಮುಖದ ಊತ ಜೊತೆಗಿದ್ದರೆ ಅದು ಅಲರ್ಜಿ, ತುರ್ತು ಚಿಕಿತ್ಸೆ ಬೇಕು.

ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್, ಸಿಸ್‌ಪ್ಲಾಟಿನ್, ಬಾರ್ಟೆಜೊಮಿಬ್ ತರುವ ಜೋಮು ಬೆರಳ ತುದಿಯಿಂದ ಮೇಲೇರುತ್ತದೆ. ಅಂಗಿಯ ಗುಂಡಿ ಹಾಕಲಾಗುತ್ತಿದೆಯೇ, ಪೆನ್ ಹಿಡಿಯಲಾಗುತ್ತಿದೆಯೇ, ಕಾಲಿನಿಂದ ಚಪ್ಪಲಿ ಜಾರಿದ್ದು ತಿಳಿಯುತ್ತಿದೆಯೇ ಎಂದು ವಾರಕ್ಕೊಮ್ಮೆ ನೋಡಿ. ಆಗದಿದ್ದರೆ ಮುಂದಿನ ಡ್ರಿಪ್‌ಗೂ ಮೊದಲು ಹೇಳಲೇಬೇಕು. ಈ ಹಂತದಲ್ಲಿ ಡೋಸ್ ತಗ್ಗಿಸಿದರೆ ನರ ಉಳಿಯುತ್ತದೆ. ಸಿಸ್‌ಪ್ಲಾಟಿನ್‌ನಿಂದಾದ ಜೋಮು ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಏರುತ್ತಲೇ ಇರಬಹುದು.

ಜೋಮಿನ ಜೊತೆ ನೋವೂ ಇರುವವರಿಗೆ ಸಾಕ್ಷ್ಯ ಇರುವ ಔಷಧಿ ಡ್ಯುಲಾಕ್ಸಿಟಿನ್. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಕೂಡ ಬರೆಯುತ್ತಾರೆ, ಅವುಗಳ ಫಲ ಅಷ್ಟು ಖಚಿತವಲ್ಲ, ಮಂಪರು ಮಾತ್ರ ಖಚಿತ. ಅಂಗಡಿಯಲ್ಲಿ ನರದ ಮಾತ್ರೆ ಎಂದು ಕೊಡುವುದನ್ನು ನೀವಾಗಿ ತರಬೇಡಿ. ಅಸಿಟೈಲ್ ಎಲ್-ಕಾರ್ನಿಟೈನ್ ತೆಗೆದುಕೊಂಡವರಲ್ಲಿ ಜೋಮು ಇನ್ನೂ ಹೆಚ್ಚಾದದ್ದು ಅಧ್ಯಯನದಲ್ಲಿ ಕಂಡಿದೆ.

ಸ್ಪರ್ಶ ಇಲ್ಲದ ಪಾದಕ್ಕೆ ಬಿಸಿನೀರ ಚೀಲ ಇಟ್ಟು ಬೊಬ್ಬೆ ಎಬ್ಬಿಸಿಕೊಳ್ಳುವವರು ಬಹಳ. ಮನೆಯೊಳಗೂ ಮೆತ್ತನೆ ಚಪ್ಪಲಿ, ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ಒಂದು ದೀಪ, ಮಲಗುವ ಮುನ್ನ ಅಂಗಾಲು ನೋಡುವುದು. ದೇವಸ್ಥಾನದ ಅಂಗಳದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಮಧ್ಯಾಹ್ನ ನಡೆಯುವುದು ಸದ್ಯಕ್ಕೆ ಬೇಡ.

ಕೆಪಸೈಟಬಿನ್ ಎಂಬ ಕೀಮೋ ಮಾತ್ರೆಯವರ ಅಂಗೈ ಅಂಗಾಲು ಕೆಂಪಾಗಿ ಉರಿಯುವುದು ಬೇರೆ ಸಮಸ್ಯೆ. ಮೊದಲ ದಿನದಿಂದ 10 ಶೇಕಡಾ ಯೂರಿಯಾ ಕ್ರೀಮ್, ಹವಾಯಿ ಚಪ್ಪಲಿಯ ಉಂಗುಟದ ಪಟ್ಟಿ ಉಜ್ಜದಂಥ ಪಾದರಕ್ಷೆ, ಬಿಸಿ ಪಾತ್ರೆ ಮುಟ್ಟದಿರುವುದು. ದೆಹಲಿಯ ಏಮ್ಸ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪ್ರತಿ ಕೈಗೆ 1 ಗ್ರಾಂನಂತೆ ದಿನಕ್ಕೆ ಎರಡು ಸಲ 1 ಶೇಕಡಾ ಡೈಕ್ಲೊಫೆನಾಕ್ ಜೆಲ್ ಹಚ್ಚಿದವರಲ್ಲಿ ಈ ತೊಂದರೆ ಸ್ಪಷ್ಟವಾಗಿ ಕಡಿಮೆಯಿತ್ತು. ಮಾತ್ರೆ ಬೇಡ ಎಂದದ್ದು ಜೆಲ್‌ಗೆ ಅನ್ವಯಿಸುವುದಿಲ್ಲ, ಆದರೂ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇ ಹಚ್ಚಿ. ನಡೆಯಲು, ಕೆಲಸ ಮಾಡಲು ಅಡ್ಡಿಯಾಗುವಷ್ಟು ನೋವಿದ್ದರೆ ಮುಂದಿನ ಮಾತ್ರೆ ನುಂಗುವ ಮೊದಲು ಫೋನ್. ಕೋರ್ಸ್ ತಪ್ಪುತ್ತದೆ ಎಂದು ನುಂಗುತ್ತಾ ಹೋದರೆ ಚರ್ಮ ಸುಲಿಯುತ್ತದೆ, ಕೊನೆಗೆ ಕೋರ್ಸ್ ಇನ್ನೂ ಹೆಚ್ಚು ದಿನ ನಿಲ್ಲುತ್ತದೆ.

## ಹಂತ 8: ವಾಂತಿ, ನಿದ್ದೆ, ಸುಸ್ತು, ಮನಸ್ಸು

ವಾಂತಿ ನಿಲ್ಲದೆ ನೋವು ನಿಲ್ಲದು, ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಉಳಿದರೆ ತಾನೇ? ಒಂಡನ್‌ಸೆಟ್ರಾನ್ ಸಾಲದಿದ್ದರೆ ಒಲಾನ್‌ಜಪೈನ್ ಬಗ್ಗೆ ಕೇಳಿ. ಹಗಲೆಲ್ಲ ತೂಕಡಿಕೆ ಎಂದು ಅದನ್ನು ಬಿಟ್ಟವರು ಗಮನಿಸಿ: ಮುಂಬೈಯ ಟಾಟಾ ಮೆಮೋರಿಯಲ್‌ನ ಪ್ರಯೋಗದಲ್ಲಿ 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟಾಗಲೂ ವಾಂತಿ ಅಷ್ಟೇ ಹತೋಟಿಯಲ್ಲಿತ್ತು, ತೂಕಡಿಕೆ ಕಡಿಮೆಯಿತ್ತು.

ರಾತ್ರಿ ನಿದ್ದೆ ಬಾರದಿದ್ದರೆ ಡೆಕ್ಸಾಮೆಥಾಸೋನ್ 1-0-1 ಎಂದಿದೆಯೇ ನೋಡಿ. ರಾತ್ರಿಯ ಡೋಸನ್ನು ಮಧ್ಯಾಹ್ನಕ್ಕೆ ತರಬಹುದೇ ಎಂದು ಕೇಳಿ. ನೀವಾಗಿ ಬಿಡುವ ಹಾಗಿಲ್ಲ, ಡೊಸಿಟ್ಯಾಕ್ಸೆಲ್ ಕೀಮೋಗೆ ಮೊದಲು ಅದು ಕಡ್ಡಾಯ.

ಸುಸ್ತಿಗೆ ಹಾಸಿಗೆ ಮದ್ದಲ್ಲ. ಹಗಲು ನಿದ್ದೆ ಅರ್ಧ ಗಂಟೆ, ಮಧ್ಯಾಹ್ನ 3ರೊಳಗೆ. ಸಂಜೆ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ ಏರಿಸುತ್ತಾ ಹೋಗಿ. ಸ್ನಾನ ಮತ್ತು ಅತಿಥಿಗಳು ಒಂದೇ ಹೊತ್ತಿಗೆ ಬೇಡ. ನೋಡಲು ಬರುವವರಿಗೆ ಹೊತ್ತು ಗೊತ್ತುಮಾಡಿ, ನೆಗಡಿ ಇದ್ದವರು ಫೋನಿನಲ್ಲೇ ಮಾತಾಡಲಿ.

ಬಂದವರು ಸೂಚಿಸುವ ಕಷಾಯಗಳ ಬಗ್ಗೆ ನಿಷ್ಠುರವಾಗಿರಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ಮುಂಬೈಯಿಂದ 2021ರಲ್ಲಿ ವರದಿಯಾಗಿವೆ. ಲಿವರ್ ಕೆಟ್ಟರೆ ಕೀಮೋ ಮುಂದೆ ಹೋಗುತ್ತದೆ, ಪ್ಯಾರಾಸಿಟಮಾಲ್ ಕೂಡ ಕೈತಪ್ಪುತ್ತದೆ.

ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಮನಸ್ಸಿಲ್ಲ, ಅಳು, ಮಾತಿಲ್ಲ ಎಂದಾದರೆ ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಆರೈಕೆ ಮಾಡುವವರೂ ಕರೆ ಮಾಡಬಹುದು.

## ಹಂತ 9: ಮುಂದಿನ ಸೈಕಲ್‌ಗೆ ಮುನ್ನ

ನೋಟ್‌ಬುಕ್, ಎಲ್ಲ ಮಾತ್ರೆಗಳ ಸ್ಟ್ರಿಪ್, ಪಕ್ಕದೂರಿನ ಡಾಕ್ಟರು ಬರೆದದ್ದೂ ಸೇರಿ, ಒಂದು ಚೀಲದಲ್ಲಿ ಒಯ್ಯಿರಿ. ಡಾಕ್ಟರ ಮುಂದೆ ಸಿಗುವುದು ಐದೇ ನಿಮಿಷ. ಹೇಳಬೇಕಾದದ್ದು ನಾಲ್ಕು: ಅತಿ ಹೆಚ್ಚು ಅಂಕ ಎಷ್ಟಿತ್ತು ಮತ್ತು ಯಾವ ದಿನ, ಹೆಚ್ಚುವರಿ ಡೋಸ್ ಎಷ್ಟು ಬೇಕಾಯಿತು, ಜೋಮು ಕಳೆದ ಸಲಕ್ಕಿಂತ ಮೇಲೇರಿದೆಯೇ, ತೂಕ ಎಷ್ಟು ಇಳಿಯಿತು. ರೋಗಿ "ಪರವಾಗಿಲ್ಲ ಸರ್" ಎನ್ನುವ ಮೊದಲೇ ಪುಟ ತೆರೆದು ಮುಂದಿಡಿ.

ಇದನ್ನೆಲ್ಲ ರಕ್ತ ಪರೀಕ್ಷೆಯ ರಿಪೋರ್ಟ್ ತೋರಿಸುವಾಗಲೇ ಹೇಳಬೇಕು. ಡೇ ಕೇರ್ ಹಾಸಿಗೆಯಲ್ಲಿ ಡ್ರಿಪ್ ಏರಿಸಿದ ಮೇಲೆ ನರ್ಸ್‌ಗೆ ಹೇಳಿದರೆ ಔಷಧಿ ಆಗಲೇ ಬೆರೆಸಿ ತಂದಾಗಿರುತ್ತದೆ, ಡೋಸ್ ಬದಲಿಸುವ ಮಾತು ಮತ್ತೆರಡು ಮೂರು ವಾರ ಮುಂದಕ್ಕೆ ಹೋಗುತ್ತದೆ.